ಬೆಂಕಿ ಬೀಳುವ ಮುನ್ನ ಬಾವಿ: ಪರಿಹಾರ ಸಂಸ್ಥೆಗಳು ಕಲಿತ ಲೆಕ್ಕ

1859ರ ಜೂನ್ ತಿಂಗಳಲ್ಲಿ ಜಿನೀವಾ ನಗರದ ವ್ಯಾಪಾರಿಯೊಬ್ಬರು ಉತ್ತರ ಇಟಲಿಗೆ ಪ್ರಯಾಣ ಬೆಳೆಸಿದರು. ಅಲ್ಜೀರಿಯಾದಲ್ಲಿದ್ದ ತಮ್ಮ ಹಿಟ್ಟಿನ ಗಿರಣಿಯ ಕಂಪನಿಗೆ ಬೇಕಾದ ನೀರಿನ ಹಕ್ಕಿನ ವಿಷಯವಾಗಿ ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನ್‌ಗೆ ಅಹವಾಲು ಸಲ್ಲಿಸುವುದು ಅವರ ಉದ್ದೇಶವಾಗಿತ್ತು. ಅವರು ಅಲ್ಲಿ ಕಂಡದ್ದು ಸಾಲ್ಫೆರಿನೊ ಯುದ್ಧದಲ್ಲಿ ಗಾಯಗೊಂಡು, ಆರೈಕೆ ಮಾಡುವವರಿಲ್ಲದೆ ನರಳುತ್ತಿದ್ದ ಸಾವಿರಾರು ಸೈನಿಕರನ್ನು. ಬಂದ ಕೆಲಸವನ್ನು ಬದಿಗಿಟ್ಟು, ಊರಿನ ಹೆಂಗಸರ ನೆರವಿನೊಡನೆ ಅವರು ಶುಶ್ರೂಷೆಗೆ ನಿಂತರು. ಮೂರು ವರ್ಷಗಳ ತರುವಾಯ, 1862ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅವರು ಮುಂದಿಟ್ಟ ಮುಖ್ಯ ಸಲಹೆಯೆಂದರೆ, ಪ್ರತಿಯೊಂದು ದೇಶವೂ ಶಾಂತಿಕಾಲದಲ್ಲಿಯೇ ಪರಿಹಾರ ಸಂಘಗಳನ್ನು ಸ್ಥಾಪಿಸಿ, ಜನರನ್ನು ತರಬೇತುಗೊಳಿಸಿ ಸಿದ್ಧವಾಗಿಡಬೇಕು ಎಂಬುದು. ಆ ವ್ಯಾಪಾರಿಯೇ ಹೆನ್ರಿ ಡ್ಯೂನಾಂಟ್. ಅವರ ಸಲಹೆಯ ಫಲವಾಗಿ 1863ರಲ್ಲಿ ರೆಡ್‌ಕ್ರಾಸ್ ಜನ್ಮ ತಾಳಿತು. 1867ರಲ್ಲಿ ವ್ಯವಹಾರದಲ್ಲಿ ದಿವಾಳಿಯಾದ ಅವರಿಗೆ 1901ರಲ್ಲಿ ಮೊತ್ತಮೊದಲ ನೊಬೆಲ್ ಶಾಂತಿ ಪ್ರಶಸ್ತಿಯ ಗೌರವ ಹಂಚಿಕೆಯಾಯಿತು.

ಡ್ಯೂನಾಂಟ್ ಅವರ ಸಲಹೆಯಲ್ಲಿ 'ಶಾಂತಿಕಾಲದಲ್ಲಿಯೇ' ಎಂಬ ಪದ ಮುಖ್ಯವಾದುದು. ಗಾಯಾಳು ಬಿದ್ದ ಮೇಲೆ ಬ್ಯಾಂಡೇಜಿಗೆ ಚಂದಾ ಎತ್ತಬಾರದು, ಅದು ಮೊದಲೇ ಉಗ್ರಾಣದಲ್ಲಿರಬೇಕು ಎಂಬುದು ವ್ಯಾಪಾರಸ್ಥರಿಗೆ ಸಹಜವಾಗಿ ಹೊಳೆಯುವ ತರ್ಕ. ವಿಪರ್ಯಾಸವೆಂದರೆ, ಅನಂತರದ ಸುಮಾರು ಒಂದೂವರೆ ಶತಮಾನ ಕಾಲ ಜಗತ್ತಿನ ಪರಿಹಾರ ಕಾರ್ಯದ ಹಣಕಾಸು ವ್ಯವಸ್ಥೆ ಬಹುಮಟ್ಟಿಗೆ ಇದಕ್ಕೆ ವಿರುದ್ಧವಾಗಿಯೇ ನಡೆಯಿತು. ಮೊದಲು ವಿಪತ್ತು, ಬಳಿಕ ಮನವಿ, ಆಮೇಲೆ ದೇಣಿಗೆ, ಕೊನೆಗೆ ಪರಿಹಾರ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಈ ಕ್ರಮವನ್ನು ತಿರುಗುಮುರುಗು ಮಾಡಲು ಪರಿಹಾರ ಸಂಸ್ಥೆಗಳು ಕಳೆದ ಎರಡು ದಶಕಗಳಲ್ಲಿ ನಡೆಸಿರುವ ಪ್ರಯತ್ನ ವಾಣಿಜ್ಯ ಜಗತ್ತಿನ ಗಮನಕ್ಕೆ ಅರ್ಹವಾದುದು.

ಪರಿಹಾರ ಕ್ಷೇತ್ರದ ಹೊಸತನವೆಂದೊಡನೆ ಡ್ರೋನ್, ಉಪಗ್ರಹ ಚಿತ್ರ, ಕಣ್ಣಿನ ಪಾಪೆಯಿಂದ ಗುರುತು ಹಿಡಿಯುವ ಯಂತ್ರ ಮೊದಲಾದವು ನೆನಪಿಗೆ ಬರುತ್ತವೆ. ಆದರೆ ಹೆಚ್ಚು ಜೀವಗಳನ್ನು ಉಳಿಸಿದ ಬದಲಾವಣೆಗಳನ್ನು ಪರಿಶೀಲಿಸಿದಾಗ, ಅವುಗಳಲ್ಲಿ ಬಹುಪಾಲು ಹಣವನ್ನು ಯಾವಾಗ ಕೊಡಬೇಕು, ಯಾವ ರೂಪದಲ್ಲಿ ಕೊಡಬೇಕು, ಎಷ್ಟು ಷರತ್ತಿನೊಡನೆ ಕೊಡಬೇಕು ಎಂಬ ಮೂರು ಪ್ರಶ್ನೆಗಳಿಗೆ ಸಂಬಂಧಿಸಿವೆ ಎಂಬುದು ಗೋಚರವಾಗುತ್ತದೆ. ಈ ಮೂರೂ ಸಂಸ್ಥೆಗಳ ಕೈಯಲ್ಲಿ ಮಾತ್ರ ಇಲ್ಲ. ದಾನಿಗಳ ಅಭ್ಯಾಸ ಬದಲಾಗದ ಹೊರತು ಸುಧಾರಣೆ ಅರ್ಧದಾರಿಯಲ್ಲಿ ನಿಲ್ಲುತ್ತದೆ. ಆ ದಾನಿಗಳ ಸಾಲಿನಲ್ಲಿ ಕರ್ನಾಟಕದ ಉದ್ಯಮಗಳೂ ಇರುವುದರಿಂದ ಈ ವಿಷಯ ಇಲ್ಲಿ ಪ್ರಸ್ತುತ.

ಸುನಾಮಿಯ ಹಣಕ್ಕೆ ಅಂಟಿದ ಚೀಟಿ

ಡಿಸೆಂಬರ್ 26, 2004ರ ಹಿಂದೂ ಮಹಾಸಾಗರದ ಸುನಾಮಿ ಸುಮಾರು 2.27 ಲಕ್ಷ ಜನರನ್ನು ಬಲಿ ತೆಗೆದುಕೊಂಡಿತು. ಜಗತ್ತಿನ ಮೂಲೆಮೂಲೆಗಳಿಂದ ನೆರವು ಹರಿದುಬಂದು, ಅಂತಾರಾಷ್ಟ್ರೀಯ ನೆರವಿನ ಮೊತ್ತ ಸುಮಾರು 1,350 ಕೋಟಿ ಡಾಲರ್ ಮುಟ್ಟಿತು. ಅನೇಕ ಸಂಸ್ಥೆಗಳು ಕೂಡಿ ನಡೆಸಿದ ಸುನಾಮಿ ಮೌಲ್ಯಮಾಪನದ ವರದಿ ಕೊಟ್ಟ ಹೋಲಿಕೆಯೊಂದು ಲೆಕ್ಕ ಬಲ್ಲ ಯಾರನ್ನಾದರೂ ಯೋಚನೆಗೆ ಹಚ್ಚುವಂಥದು. ಸುನಾಮಿ ಸಂತ್ರಸ್ತರ ತಲೆಯೊಂದಕ್ಕೆ ಒದಗಿದ ಹಣ 7,100 ಡಾಲರಿಗೂ ಹೆಚ್ಚು. ಅದೇ 2004ರಲ್ಲಿ ಬಾಂಗ್ಲಾದೇಶದ ಪ್ರವಾಹಕ್ಕೆ ಸಿಲುಕಿದವರ ತಲೆಯೊಂದಕ್ಕೆ ಖರ್ಚಾದದ್ದು ಕೇವಲ 3 ಡಾಲರ್.

ಈ ಅಂತರಕ್ಕೆ ಕಾರಣ ಅಗತ್ಯದ ವ್ಯತ್ಯಾಸವಲ್ಲ. ದಾನಿಗಳು ಹಣದ ಮೇಲೆ 'ಸುನಾಮಿಗೆ ಮಾತ್ರ' ಎಂಬ ಚೀಟಿ ಅಂಟಿಸಿ ಕೊಟ್ಟಿದ್ದರು. ಲೆಕ್ಕಪತ್ರದ ಪರಿಭಾಷೆಯಲ್ಲಿ ಇದು ನಿರ್ಬಂಧಿತ ನಿಧಿ. ಒಂದು ಖಾತೆಯಲ್ಲಿ ಹಣ ತುಂಬಿ ತುಳುಕುತ್ತಿದ್ದರೂ ಪಕ್ಕದ ಖಾತೆಯ ಕೊರತೆಗೆ ಅದನ್ನು ಬಳಸುವಂತಿಲ್ಲ. ಈ ಸಂದರ್ಭದಲ್ಲಿ ಎಂ.ಎಸ್.ಎಫ್. ಎಂದು ಪ್ರಸಿದ್ಧವಾದ 'ಗಡಿಗಳಿಲ್ಲದ ವೈದ್ಯರು' ಸಂಸ್ಥೆ ಕೈಗೊಂಡ ನಿರ್ಣಯ ಆ ಕ್ಷೇತ್ರದಲ್ಲಿ ಅಪರೂಪವಾದುದು. 2005ರ ಜನವರಿ ಮೊದಲ ವಾರದಲ್ಲಿಯೇ ಅದು, ಸುನಾಮಿ ಕಾರ್ಯಕ್ಕೆ ತನಗೆ ಬೇಕಾದಷ್ಟು ಹಣ ಬಂದಿದೆ, ಇನ್ನು ಅದರ ಹೆಸರಿನಲ್ಲಿ ಕೊಡಬೇಡಿ ಎಂದು ಸಾರಿತು. ಕೊಟ್ಟಿದ್ದವರನ್ನು ಸಂಪರ್ಕಿಸಿ, ಹೆಚ್ಚುವರಿ ಹಣವನ್ನು ಬೇರೆಡೆಯ ತುರ್ತಿಗೆ ಬಳಸಲು ಒಪ್ಪಿಗೆ ಕೋರಿತು. ಇತರ ಕೆಲವು ಸಂಸ್ಥೆಗಳು ಇದರಿಂದ ಅಸಮಾಧಾನಗೊಂಡರೂ, ದಾನಿಗಳಲ್ಲಿ ಬಹುಪಾಲು ಜನ ಒಪ್ಪಿಗೆ ಕೊಟ್ಟರು. ನಿಜ ಹೇಳಿ ಕೇಳಿದರೆ ದಾನಿ ಷರತ್ತು ಸಡಿಲಿಸುತ್ತಾನೆ ಎಂಬ ಪಾಠ ಆಗ ಸಿಕ್ಕಿತು.

ನೈಜರ್: ವಿಳಂಬದ ಬೆಲೆ

ಆ ಪಾಠದ ಮಹತ್ವ ಅದೇ ವರ್ಷ ನೈಜರ್ ದೇಶದಲ್ಲಿ ಸ್ಪಷ್ಟವಾಯಿತು. 2004ರಲ್ಲಿ ಅಲ್ಲಿ ಮಳೆ ಕೈಕೊಟ್ಟಿತ್ತು, ಮಿಡತೆಗಳ ಹಾವಳಿಯೂ ಇತ್ತು. ವಿಶ್ವಸಂಸ್ಥೆಯ ಆರಂಭದ ಮನವಿಗಳಿಗೆ ಹೇಳಿಕೊಳ್ಳುವಂತಹ ಪ್ರತಿಕ್ರಿಯೆ ಬರಲಿಲ್ಲ. ಜುಲೈ 2005ರಲ್ಲಿ ಎಲುಬುಗೂಡಾದ ಮಕ್ಕಳ ಚಿತ್ರಗಳು ಟಿ.ವಿ.ಯಲ್ಲಿ ಕಾಣಿಸಿಕೊಂಡ ಮೇಲಷ್ಟೇ ಹಣ ಹೊರಟಿತು. ಅಂದು ವಿಶ್ವಸಂಸ್ಥೆಯ ಪರಿಹಾರ ಕಾರ್ಯದ ಮುಖ್ಯಸ್ಥರಾಗಿದ್ದ ಯಾನ್ ಎಗೆಲಾಂಡ್ ಅವರು ಮುಂದಿಟ್ಟ ಲೆಕ್ಕದ ಪ್ರಕಾರ, ಮೊದಲೇ ಕೈಹಾಕಿದ್ದರೆ ಮಗುವೊಂದಕ್ಕೆ ದಿನಕ್ಕೆ 1 ಡಾಲರಿನಲ್ಲಿ ತಡೆಯಬಹುದಾಗಿದ್ದ ಅಪೌಷ್ಟಿಕತೆಯಿಂದ ಮಗುವನ್ನು ಬದುಕಿಸಲು ಆಗ 80 ಡಾಲರ್ ಬೇಕಾಗಿತ್ತು. ವಿಳಂಬಕ್ಕೆ ಇಷ್ಟು ದುಬಾರಿ ಬಡ್ಡಿ ವಿಧಿಸುವ ಸಾಲಗಾರ ಬೇರೆಲ್ಲೂ ಸಿಗಲಾರ. ಆ ಬಡ್ಡಿಯನ್ನು ತೆತ್ತವರು ಮಕ್ಕಳು.

ಸಂಸ್ಥೆಗಳ ಬಳಿ ತುರ್ತು ನಿಧಿ ಇರಲಿಲ್ಲವೇ? ಇತ್ತು. 1991ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ 5 ಕೋಟಿ ಡಾಲರುಗಳ ಆವರ್ತ ನಿಧಿಯೊಂದನ್ನು ಸ್ಥಾಪಿಸಿತ್ತು. ಆದರೆ ಅದು ಸಾಲದ ನಿಧಿ. ದಾನಿಗಳಿಂದ ಹಣ ಬರುವ ಭರವಸೆ ಇದ್ದರೆ ಸಂಸ್ಥೆಗಳು ಅದರಿಂದ ಕೈಸಾಲ ಪಡೆದು, ಬಂದ ಮೇಲೆ ತೀರಿಸಬೇಕಿತ್ತು. ಯಾರ ಕಣ್ಣಿಗೂ ಬೀಳದ ಬರಗಾಲಕ್ಕೆ ದಾನಿಗಳೇ ಇಲ್ಲದಿರುವಾಗ ತೀರಿಸುವ ದಾರಿ ಯಾವುದು? ಆದ್ದರಿಂದ ಯಾವ ಸಂಕಟಕ್ಕೆ ನಿಧಿ ಹೆಚ್ಚು ಅಗತ್ಯವಾಗಿತ್ತೋ ಅದೇ ಸಂಕಟದಲ್ಲಿ ಅದು ನಿರುಪಯುಕ್ತವಾಗುತ್ತಿತ್ತು. ಸುನಾಮಿ ಮತ್ತು ನೈಜರ್ ಅನುಭವಗಳ ಬೆನ್ನಲ್ಲೇ, ಡಿಸೆಂಬರ್ 2005ರಲ್ಲಿ ಈ ನಿಧಿಯನ್ನು ಪುನರ್ರಚಿಸಲಾಯಿತು. ಮಾರ್ಚ್ 2006ರಲ್ಲಿ ಕಾರ್ಯಾರಂಭ ಮಾಡಿದ 'ಸೆರ್ಫ್' ಎಂಬ ಕೇಂದ್ರೀಯ ತುರ್ತು ನಿಧಿಯಲ್ಲಿ ಸಾಲದ 5 ಕೋಟಿ ಡಾಲರುಗಳ ಜೊತೆಗೆ 45 ಕೋಟಿ ಡಾಲರುಗಳವರೆಗಿನ ಅನುದಾನದ ಭಾಗವೂ ಸೇರಿತು. ದಾನಿ ರಾಷ್ಟ್ರಗಳು ಯಾವ ದೇಶದ ಯಾವ ವಿಪತ್ತಿಗೆಂದು ಹೇಳದೆ ವರ್ಷಾರಂಭದಲ್ಲಿ ಹಣ ಹಾಕುತ್ತವೆ. ತೀವ್ರವಾದ ಹೊಸ ವಿಪತ್ತಿಗೂ, ಜಗತ್ತು ಮರೆತ ಹಳೆಯ ಸಂಕಟಕ್ಕೂ ಅದರಿಂದ ಹಣ ಹೋಗುತ್ತದೆ. ಸಾಲ ಎಂಬ ಶೀರ್ಷಿಕೆ ಅನುದಾನ ಎಂದು ಬದಲಾದದ್ದು ಕಾಗದದ ಮೇಲೆ ಸಣ್ಣ ತಿದ್ದುಪಡಿ, ಪರಿಣಾಮದಲ್ಲಿ ದೊಡ್ಡದು.

ಆಸ್ಪತ್ರೆಯಿಂದ ಮನೆಗೆ ಬಂದ ಪೊಟ್ಟಣ

ನೈಜರ್ ಸಂಕಟ ಮತ್ತೊಂದು ಆವಿಷ್ಕಾರದ ಪರೀಕ್ಷಾಭೂಮಿಯೂ ಆಯಿತು. ಅಲ್ಲಿಯವರೆಗೆ ತೀವ್ರ ಅಪೌಷ್ಟಿಕತೆಗೆ ಪ್ರಚಲಿತವಾಗಿದ್ದ ಚಿಕಿತ್ಸೆಯೆಂದರೆ ವಿಶೇಷವಾಗಿ ತಯಾರಿಸಿದ ಹಾಲಿನ ಪುಡಿಯನ್ನು ಶುದ್ಧ ನೀರಿನಲ್ಲಿ ಕಲಸಿ, ದಾದಿಯರ ಮೇಲ್ವಿಚಾರಣೆಯಲ್ಲಿ ಕುಡಿಸುವುದು. ಇದಕ್ಕೆ ಆಸ್ಪತ್ರೆಯ ಹಾಸಿಗೆ ಬೇಕು. ಕಲಸಿದ ಹಾಲು ಬೇಗ ಕೆಡುತ್ತದೆ. ತಾಯಿ ಮನೆಯಲ್ಲಿನ ಉಳಿದ ಮಕ್ಕಳನ್ನೂ ಹೊಲದ ಕೆಲಸವನ್ನೂ ಬಿಟ್ಟು ವಾರಗಟ್ಟಲೆ ಆಸ್ಪತ್ರೆಯಲ್ಲಿ ಇರಬೇಕು. ಹಾಸಿಗೆಗಳ ಸಂಖ್ಯೆ ಮುಗಿದಲ್ಲಿ ಚಿಕಿತ್ಸೆಯೂ ಮುಗಿಯಿತು.

ಫ್ರಾನ್ಸಿನ ಮಕ್ಕಳ ವೈದ್ಯ ಆಂದ್ರೆ ಬ್ರಿಯಾಂಡ್ ಮತ್ತು ನ್ಯೂಟ್ರಿಸೆಟ್ ಕಂಪನಿಯ ಮಿಷೆಲ್ ಲೆಸ್ಕಾನ್ 1996ರ ಸುಮಾರಿಗೆ ಇದಕ್ಕೆ ಪರಿಹಾರ ಕಂಡುಕೊಂಡರು. ಅರೆದ ಕಡಲೆಕಾಯಿ, ಹಾಲಿನ ಪುಡಿ, ಎಣ್ಣೆ, ಸಕ್ಕರೆ, ಜೀವಸತ್ವ ಮತ್ತು ಖನಿಜಾಂಶಗಳನ್ನು ಸೇರಿಸಿದ 92 ಗ್ರಾಂ ತೂಕದ ಒಂದು ಪೊಟ್ಟಣ. ಅದರಲ್ಲಿ 500 ಕ್ಯಾಲೊರಿ ಶಕ್ತಿ. ನೀರು ಬೆರೆಸುವ ಅಗತ್ಯವಿಲ್ಲ, ಬೇಯಿಸಬೇಕಿಲ್ಲ, ಶೈತ್ಯಾಗಾರ ಬೇಡ. ತುದಿ ಹರಿದು ಮಗುವಿನ ಬಾಯಿಗಿಟ್ಟರೆ ಸಾಕು. 150 ಪೊಟ್ಟಣಗಳ ಒಂದು ಪೆಟ್ಟಿಗೆ ಸ್ಥೂಲವಾಗಿ ಒಂದು ಮಗುವಿನ ಪೂರ್ಣ ಚಿಕಿತ್ಸೆಗೆ ಆಗುತ್ತದೆ, ಅಂದರೆ ಹದಿನಾಲ್ಕು ಕೆ.ಜಿ.ಗೂ ಕಡಿಮೆ ಸರಕು. 2005ರಲ್ಲಿ ನೈಜರ್‌ನಲ್ಲಿ ಎಂ.ಎಸ್.ಎಫ್. ಸಂಸ್ಥೆ 60,000ದಷ್ಟು ಮಕ್ಕಳಿಗೆ ಚಿಕಿತ್ಸೆ ಕೊಟ್ಟಾಗ, ಅವರಲ್ಲಿ ಬಹುಪಾಲು ಮಕ್ಕಳನ್ನು ತಾಯಂದಿರು ಮನೆಯಲ್ಲಿಯೇ ಈ ಪೊಟ್ಟಣಗಳಿಂದ ಗುಣಪಡಿಸಿದರು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮತ್ತು ವಿಶ್ವ ಆಹಾರ ಕಾರ್ಯಕ್ರಮಗಳು ಜಂಟಿ ಹೇಳಿಕೆಯ ಮೂಲಕ ಈ ಪದ್ಧತಿಯನ್ನು ಅಂಗೀಕರಿಸಿದವು.

ಈ ಕಥೆಗೆ ವಾಣಿಜ್ಯದ ಮುಖವೂ ಇದೆ. ಪೊಟ್ಟಣಕ್ಕೆ ಪೇಟೆಂಟ್ ಇತ್ತು. ಜೀವ ಉಳಿಸುವ ಆಹಾರಕ್ಕೆ ಏಕಸ್ವಾಮ್ಯ ಸಲ್ಲದೆಂದು ವಾದಿಸಿ 2009ರ ಡಿಸೆಂಬರಿನಲ್ಲಿ ಅಮೆರಿಕದ ಎರಡು ಸಂಸ್ಥೆಗಳು ನ್ಯಾಯಾಲಯದ ಮೆಟ್ಟಿಲೇರಿದವು. ಮರುವರ್ಷ ಕಂಪನಿಯು ಅಭಿವೃದ್ಧಿಶೀಲ ದೇಶಗಳ ಸ್ಥಳೀಯ ತಯಾರಕರಿಗೆ ಸರಳ ಒಪ್ಪಂದದ ಮೇಲೆ ಬಳಕೆಯ ಅವಕಾಶ ಕೊಟ್ಟಿತು. ನೈಜರ್, ಮಲಾವಿ, ಇಥಿಯೋಪಿಯಾಗಳಲ್ಲಿ ತಯಾರಿಕೆ ಬೇರೂರಿತು. ಲಾಭದ ಉದ್ದೇಶದ ಕಂಪನಿ, ವೈದ್ಯ, ಪರಿಹಾರ ಸಂಸ್ಥೆ ಇವರಲ್ಲಿ ಯಾರೊಬ್ಬರಿಂದಲೂ ಇದು ಒಂಟಿಯಾಗಿ ಸಾಧ್ಯವಾಗುತ್ತಿರಲಿಲ್ಲ.

ಸರಕಿನ ಬದಲು ನಗದು

ಪರಿಹಾರವೆಂದರೆ ಧಾನ್ಯದ ಮೂಟೆ ಎಂಬ ಕಲ್ಪನೆಗೆ ಬಲವಾದ ಪೆಟ್ಟು ಕೊಟ್ಟದ್ದು ಸೊಮಾಲಿಯಾ. 1943ರ ಬಂಗಾಳದ ಕ್ಷಾಮವನ್ನು ವಿಶ್ಲೇಷಿಸಿ ಅಮರ್ತ್ಯ ಸೇನ್ ಅವರು 1981ರ ತಮ್ಮ ಗ್ರಂಥದಲ್ಲಿ, ಜನ ಸಾಯುವುದು ಆಹಾರವಿಲ್ಲದ್ದರಿಂದ ಎನ್ನುವುದಕ್ಕಿಂತ ಅದನ್ನು ಕೊಳ್ಳುವ ಶಕ್ತಿ ಇಲ್ಲದ್ದರಿಂದ ಎಂದು ತೋರಿಸಿಕೊಟ್ಟಿದ್ದರು. ಆದರೂ ಸಂಸ್ಥೆಗಳು ನಗದು ಹಂಚಲು ಹಿಂಜರಿಯುತ್ತಿದ್ದವು. ಹಣ ದುರುಪಯೋಗವಾದೀತು, ಬೆಲೆ ಏರೀತು ಎಂಬ ಭಯ.

ಜನವರಿ 2010ರಲ್ಲಿ ವಿಶ್ವ ಆಹಾರ ಕಾರ್ಯಕ್ರಮವು ಭದ್ರತೆಯ ಕಾರಣದಿಂದ ದಕ್ಷಿಣ ಸೊಮಾಲಿಯಾದ ಕಾರ್ಯವನ್ನು ಸ್ಥಗಿತಗೊಳಿಸಬೇಕಾಯಿತು. ಮುನ್ನೆಚ್ಚರಿಕೆ ನೀಡುವ 'ಫ್ಯೂಸ್ ನೆಟ್' ಜಾಲವು ಆಗಸ್ಟ್ 2010ರಿಂದಲೇ ಬರದ ಸೂಚನೆ ಕೊಡುತ್ತಿತ್ತು. ಹಣ ಬಿಡುಗಡೆಯಾಗಲಿಲ್ಲ. ಜುಲೈ 2011ರಲ್ಲಿ ಕ್ಷಾಮ ಘೋಷಣೆಯಾಯಿತು. ಆಗ ಬೇರೆ ದಾರಿ ಕಾಣದ ಸಂಸ್ಥೆಗಳು ಅಲ್ಲಿನ ಹವಾಲಾ ವ್ಯಾಪಾರಿಗಳ ಮೊರೆ ಹೊಕ್ಕವು. ನಮ್ಮಲ್ಲಿ ಹವಾಲಾ ಎಂಬುದು ಅಪರಾಧದ ಹೆಸರು. ಬ್ಯಾಂಕುಗಳೇ ಕುಸಿದಿದ್ದ ಸೊಮಾಲಿಯಾದಲ್ಲಿ ಅದು ಹೊರದೇಶಗಳಲ್ಲಿ ದುಡಿಯುವವರು ಊರಿಗೆ ಹಣ ಕಳುಹಿಸುವ ಪ್ರತಿನಿತ್ಯದ ವ್ಯವಸ್ಥೆ. ಸಂಸ್ಥೆ ಆಯ್ದ ಕುಟುಂಬಗಳ ಪಟ್ಟಿಯಂತೆ ವ್ಯಾಪಾರಿಯ ಶಾಖೆ ಹಣ ಪಾವತಿಸುತ್ತಿತ್ತು, ಸಂಸ್ಥೆ ಅದಕ್ಕೆ ಸಣ್ಣ ಪ್ರಮಾಣದ ಶುಲ್ಕ ತೆರುತ್ತಿತ್ತು. ನಗದು ಮತ್ತು ಕೂಪನ್ನುಗಳು 15 ಲಕ್ಷಕ್ಕೂ ಹೆಚ್ಚು ಜನರನ್ನು ತಲುಪಿದವು. ಕೊಳ್ಳುವವರಿದ್ದಾರೆಂದು ತಿಳಿದೊಡನೆ ವರ್ತಕರು ಧಾನ್ಯ ತರಿಸಿದರು. ಅಂಜಿದಂತೆ ನಗದಿನಿಂದಾಗಿ ಬೆಲೆ ಏರಲಿಲ್ಲ. ಸೋರಿಕೆಯೇ ಆಗಲಿಲ್ಲವೆಂದು ಹೇಳುವಂತಿಲ್ಲ, ಸ್ಥಳೀಯ ಬಲಾಢ್ಯರು ಪಾಲು ವಸೂಲಿ ಮಾಡಿದ ಪ್ರಕರಣಗಳು ಮೌಲ್ಯಮಾಪನದಲ್ಲಿ ದಾಖಲಾದವು. ಆದರೆ ಮೂಟೆಯ ಸೋರಿಕೆ ಅದಕ್ಕಿಂತ ಕಡಿಮೆಯಿರುತ್ತಿತ್ತೆಂದು ಹೇಳಲು ಆಧಾರವಿಲ್ಲ.

ಆ ಕ್ಷಾಮದಲ್ಲಿ ಸುಮಾರು 2.58 ಲಕ್ಷ ಜನ ಮಡಿದರೆಂದು 2013ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ಅವರಲ್ಲಿ ಅರ್ಧದಷ್ಟು ಜನ ಐದು ವರ್ಷದೊಳಗಿನ ಮಕ್ಕಳು. ಹಣದ ರೂಪ ಸರಿಯಾಗಿತ್ತು, ಕಾಲ ತಪ್ಪಿತ್ತು. ಎಚ್ಚರಿಕೆಗೂ ಪಾವತಿಗೂ ನಡುವೆ ಸುಮಾರು ಒಂದು ವರ್ಷ ಕಳೆದುಹೋಗಿತ್ತು.

ಮುನ್ಸೂಚನೆಯೇ ಮಂಜೂರಾತಿ

ಈ ಅಂತರವನ್ನು ಮುಚ್ಚುವ ಪ್ರಯತ್ನವೇ 'ಮುಂಗಡ ಕ್ರಮ' ಎಂಬ ಪದ್ಧತಿ. ಇಲ್ಲಿ ಮೂರು ವಿಷಯಗಳನ್ನು ಮೊದಲೇ ಲಿಖಿತವಾಗಿ ನಿರ್ಧರಿಸಲಾಗುತ್ತದೆ: ಯಾವ ಮುನ್ಸೂಚನೆ ಬಂದರೆ ಹಣ ಬಿಡುಗಡೆ, ಯಾರಿಗೆ, ಯಾವ ಕೆಲಸಕ್ಕೆ. ಮಿತಿ ದಾಟಿದೊಡನೆ ಹೊಸದಾಗಿ ಸಭೆ ಸೇರಿ ಚರ್ಚಿಸುವ ಪ್ರಮೇಯವಿಲ್ಲ.

ಜುಲೈ 2020ರಲ್ಲಿ ಬಾಂಗ್ಲಾದೇಶದ ಜಮುನಾ ನದಿಯಲ್ಲಿ ಮಹಾಪ್ರವಾಹದ ಮುನ್ಸೂಚನೆ ಬಂದಾಗ, ಸೆರ್ಫ್ ನಿಧಿ 52 ಲಕ್ಷ ಡಾಲರುಗಳನ್ನು ನೀರು ಏರುವ ಮೊದಲೇ ಬಿಡುಗಡೆ ಮಾಡಿತು. 23 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ತಲಾ 4,500 ಟಾಕಾ ಮೊಬೈಲ್ ಖಾತೆಗೆ ಜಮೆಯಾಯಿತು. ಬಳಿಕ ನಡೆದ ಅಧ್ಯಯನದಲ್ಲಿ, ಈ ಹಣ ಪಡೆದ ಕುಟುಂಬಗಳು ಪ್ರವಾಹದ ಸಮಯದಲ್ಲಿ ಇಡೀ ದಿನ ಉಪವಾಸ ಬೀಳುವ ಸಂಭವ ಪಡೆಯದ ಕುಟುಂಬಗಳಿಗಿಂತ ಶೇಕಡಾ 36ರಷ್ಟು ಕಡಿಮೆಯೆಂದು ಕಂಡುಬಂದಿತು. ಮೊತ್ತ ಚಿಕ್ಕದು, ಆದರೆ ಸಕಾಲದ್ದು.

ವಿಮೆಯ ಮಾದರಿಯೂ ಪ್ರಯೋಗವಾಗಿದೆ. 'ಆಫ್ರಿಕನ್ ರಿಸ್ಕ್ ಕೆಪಾಸಿಟಿ' ಎಂಬ ಸಂಸ್ಥೆಯಲ್ಲಿ ರಾಷ್ಟ್ರಗಳೇ ಪ್ರೀಮಿಯಂ ಕಟ್ಟಿ ಬರಗಾಲದ ವಿರುದ್ಧ ವಿಮೆ ಪಡೆಯುತ್ತವೆ. 2015ರ ಆರಂಭದಲ್ಲಿ ಸೆನೆಗಲ್, ನೈಜರ್ ಮತ್ತು ಮಾರಿಟಾನಿಯ ದೇಶಗಳಿಗೆ ಒಟ್ಟು ಸುಮಾರು 2.6 ಕೋಟಿ ಡಾಲರ್ ಪಾವತಿಯಾಯಿತು. ಆದರೆ 2016ರಲ್ಲಿ ಮಲಾವಿ ಭೀಕರ ಬರಕ್ಕೆ ತುತ್ತಾದಾಗ ಗಣಕದ ಮಾದರಿ 'ಪರಿಹಾರಕ್ಕೆ ಅರ್ಹವಲ್ಲ' ಎಂದಿತು. ವಿಚಾರಿಸಿದಾಗ, ರೈತರು ಬಿತ್ತಿದ್ದು ಬೇಗ ಕೊಯ್ಲಿಗೆ ಬರುವ ಮೆಕ್ಕೆಜೋಳದ ತಳಿ, ಮಾದರಿಯಲ್ಲಿ ನಮೂದಾಗಿದ್ದುದು ದೀರ್ಘಾವಧಿಯ ತಳಿ ಎಂಬುದು ಬೆಳಕಿಗೆ ಬಂದಿತು. ತಿದ್ದುಪಡಿಯ ನಂತರ 81 ಲಕ್ಷ ಡಾಲರ್ ಪಾವತಿಯಾದರೂ ಸಕಾಲ ಮೀರಿತ್ತು. ಸೂತ್ರ ಎಷ್ಟೇ ಸುಂದರವಾಗಿದ್ದರೂ ಅದಕ್ಕೆ ಉಣಿಸುವ ಮಾಹಿತಿ ಹೊಲದ ಬದುವಿನಿಂದ ಬರಬೇಕೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಕತ್ತರಿ ಎಲ್ಲಿ ಬೀಳಬೇಕು?

ಈ ಎಲ್ಲ ಸುಧಾರಣೆಗಳು ಈಗ ಅಗ್ನಿಪರೀಕ್ಷೆಯಲ್ಲಿವೆ. ಜನವರಿ 2025ರಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ತಡೆಹಿಡಿಯಿತು, ಅದೇ ವರ್ಷ ಜುಲೈ 1ರಂದು ಯುಎಸ್ಏಡ್ ಸಂಸ್ಥೆಯ ಪ್ರತ್ಯೇಕ ಅಸ್ತಿತ್ವವೇ ಕೊನೆಗೊಂಡಿತು. ಯುರೋಪಿನ ಹಲವು ದೇಶಗಳೂ ಕಡಿತ ಘೋಷಿಸಿದವು. ಜೂನ್ 2025ರಲ್ಲಿ ವಿಶ್ವಸಂಸ್ಥೆ ತನ್ನ 4,400 ಕೋಟಿ ಡಾಲರುಗಳ ಮನವಿಯನ್ನು 2,900 ಕೋಟಿಗೆ ಇಳಿಸಿ, 11.4 ಕೋಟಿ ಜನರಿಗೆ ಮೊದಲ ಆದ್ಯತೆಯೆಂದು ಹೇಳಬೇಕಾಯಿತು. ಸೊಮಾಲಿಯಾದ ಬಗ್ಗೆ ಮೊದಲೇ ಎಚ್ಚರಿಸಿದ್ದ ಫ್ಯೂಸ್ ನೆಟ್ ಜಾಲವೂ 2025ರ ಜನವರಿಯಲ್ಲಿ ಸ್ತಬ್ಧವಾಗಿ, ತಿಂಗಳುಗಳ ತರುವಾಯ ಪುನರಾರಂಭವಾಯಿತು.

ನಷ್ಟದಲ್ಲಿರುವ ಯಾವ ವ್ಯವಹಾರದಲ್ಲಿಯೂ ಮೊದಲು ಕತ್ತರಿ ಬೀಳುವುದು ಇಂದಿನ ಮಾರಾಟಕ್ಕೆ ನೇರ ಸಂಬಂಧವಿಲ್ಲದ ವೆಚ್ಚಗಳಿಗೆ. ಪರಿಹಾರ ಕ್ಷೇತ್ರದಲ್ಲಿ ಆ ಸ್ಥಾನದಲ್ಲಿರುವುದು ಮುನ್ಸೂಚನೆ, ತರಬೇತಿ, ಉಗ್ರಾಣ ಮತ್ತು ಲೆಕ್ಕಪರಿಶೋಧನೆ. ಇಟಲಿಯ ಬ್ರಿಂಡಿಸಿಯಿಂದ ದುಬೈವರೆಗೆ ವಿಶ್ವಸಂಸ್ಥೆಯ ಪರಿಹಾರ ಉಗ್ರಾಣಗಳ ಜಾಲವಿದೆ. ವಿಪತ್ತು ಇಲ್ಲದ ತಿಂಗಳಲ್ಲಿ ಅದರ ಬಾಡಿಗೆ ವ್ಯರ್ಥವೆನಿಸುತ್ತದೆ. 2020ರಲ್ಲಿ ಕೋವಿಡ್ ಕಾರಣದಿಂದ ವಾಣಿಜ್ಯ ವಿಮಾನಗಳು ನಿಂತಾಗ, ವಿಶ್ವ ಆಹಾರ ಕಾರ್ಯಕ್ರಮವು ಇತರ ಸಂಸ್ಥೆಗಳ ಸಿಬ್ಬಂದಿಯನ್ನೂ ಸರಕನ್ನೂ ಸಾಗಿಸಲು ಶಕ್ತವಾದದ್ದು ಮೊದಲೇ ಕಟ್ಟಿಕೊಂಡಿದ್ದ ಅಂತಹ ಸಾಗಣೆ ವ್ಯವಸ್ಥೆಯ ಬಲದಿಂದ.

ಮತ್ತೊಂದು ಬಾಕಿಯೂ ಇದೆ. 2016ರಲ್ಲಿ ಇಸ್ತಾನ್‌ಬುಲ್ ಶೃಂಗಸಭೆಯ ಸಂದರ್ಭದಲ್ಲಿ ದಾನಿ ರಾಷ್ಟ್ರಗಳೂ ದೊಡ್ಡ ಸಂಸ್ಥೆಗಳೂ ಕೂಡಿ, 2020ರ ವೇಳೆಗೆ ನೆರವಿನ ಕಾಲು ಭಾಗ ಸ್ಥಳೀಯ ಸಂಸ್ಥೆಗಳಿಗೆ ಸಾಧ್ಯವಾದಷ್ಟು ನೇರವಾಗಿ ತಲುಪಬೇಕೆಂದು ಒಪ್ಪಿದವು. ಗಡುವು ಮುಗಿದಾಗ ನೇರವಾಗಿ ತಲುಪಿದ ಪಾಲು ಒಂದಂಕಿಯ ಶೇಕಡಾವಾರಿನಲ್ಲಿಯೇ ಇತ್ತು. ತಂತ್ರಜ್ಞಾನವೂ ಹೊಸ ಹೊಣೆ ತಂದಿದೆ. ಜನವರಿ 2022ರಲ್ಲಿ ಅಂತಾರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯ ಗಣಕಗಳಿಗೆ ಕನ್ನ ಬಿದ್ದು 5.15 ಲಕ್ಷಕ್ಕೂ ಹೆಚ್ಚು ದುರ್ಬಲರ ಮಾಹಿತಿ ಅಪಾಯಕ್ಕೆ ಸಿಲುಕಿತು. ಬೆರಳಚ್ಚು ಪಡೆಯುವ ಸಂಸ್ಥೆ ಅದನ್ನು ತಿಜೋರಿಯ ನಗದಿನಂತೆ ಕಾಯಬೇಕು.

ಕರ್ನಾಟಕದ ಉದ್ಯಮಗಳಿಗೆ ಇದರಿಂದೇನು?

2009ರ ಉತ್ತರ ಕರ್ನಾಟಕದ ಪ್ರವಾಹ, 2018ರ ಕೊಡಗಿನ ಭೂಕುಸಿತ, 2019ರ ಕೃಷ್ಣಾ ತೀರದ ಪ್ರವಾಹ — ಪ್ರತಿ ಬಾರಿಯೂ ವರ್ತಕ ಸಮುದಾಯ ಉದಾರವಾಗಿಯೇ ಸ್ಪಂದಿಸಿತು. ಅಕ್ಕಿ, ಹೊದಿಕೆ, ಬಿಸ್ಕತ್ತು, ನೀರಿನ ಬಾಟಲಿ, ಬಟ್ಟೆ ತುಂಬಿದ ಲಾರಿಗಳು ಹೊರಟವು. ಈ ಔದಾರ್ಯಕ್ಕೆ ಎರಡು ಮಾತಿಲ್ಲ. ಆದರೆ ಅದರ ಕಾಲ, ರೂಪ ಮತ್ತು ಷರತ್ತುಗಳನ್ನು ಮೇಲಿನ ಅನುಭವಗಳ ಬೆಳಕಿನಲ್ಲಿ ಮರುಪರಿಶೀಲಿಸುವುದು ಉಚಿತ.

ಮೊದಲನೆಯದಾಗಿ ರೂಪ. ಸರಕಿನ ದಾನ ತೆರಿಗೆಯ ದೃಷ್ಟಿಯಿಂದಲೂ ದುಬಾರಿ. ದೇಣಿಗೆಗೆ ದೊರೆಯುವ ಆದಾಯ ತೆರಿಗೆಯ ರಿಯಾಯಿತಿ ಹಣರೂಪದ ದೇಣಿಗೆಗಷ್ಟೇ ಸೀಮಿತ. ಉಚಿತವಾಗಿ ಕೊಟ್ಟ ಸರಕಿನ ಮೇಲೆ ಜಿಎಸ್‌ಟಿ ಹೂಡುವಳಿ ತೆರಿಗೆ ಜಮೆಯನ್ನು ಹಿಂದಿರುಗಿಸಬೇಕು. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಗೆಂದು, ಅಂದರೆ ಸಿಎಸ್‌ಆರ್‌ಗೆಂದು ಕೊಂಡ ಸರಕು ಮತ್ತು ಸೇವೆಗಳ ಮೇಲೆ ಅಕ್ಟೋಬರ್ 1, 2023ರಿಂದ ಈ ಜಮೆ ಸ್ಪಷ್ಟವಾಗಿ ನಿಷಿದ್ಧ. ಜೊತೆಗೆ ಹೊರಗಿನಿಂದ ಬಂದ ಉಚಿತ ಅಕ್ಕಿ, ಅದೇ ತಾಲ್ಲೂಕಿನಲ್ಲಿ ನೀರು ಇಳಿದ ಮೇಲೆ ಅಂಗಡಿ ತೆರೆಯಲು ಹೆಣಗುತ್ತಿರುವ ಕಿರಾಣಿ ವ್ಯಾಪಾರಿಯ ಗಿರಾಕಿಯನ್ನು ಕಸಿಯುತ್ತದೆ. ರಸ್ತೆ ಕಡಿದು ಅಂಗಡಿಗಳು ಮುಳುಗಿರುವ ಮೊದಲ ಕೆಲವು ದಿನ ಸರಕು ಅನಿವಾರ್ಯ. ಅನಂತರ ಸಂತ್ರಸ್ತರ ಬ್ಯಾಂಕ್ ಖಾತೆಗೆ ಸೇರುವ ಹಣ ಎರಡು ಸಂಸಾರಗಳನ್ನು ಎತ್ತಿ ನಿಲ್ಲಿಸುತ್ತದೆ.

ಎರಡನೆಯದು ಷರತ್ತು. ಸಂಸ್ಥೆಗಳಿಗೆ ಹಣ ಕೊಡುವಾಗ 'ಆಡಳಿತ ವೆಚ್ಚ ಶೇಕಡಾ 5 ಮೀರಬಾರದು, ಇದು ಕಾನೂನು' ಎಂದು ಪಟ್ಟು ಹಿಡಿಯುವ ಕಂಪನಿಗಳುಂಟು. ಇದು ನಿಯಮದ ತಪ್ಪು ಓದು. 2021ರಲ್ಲಿ ತಿದ್ದುಪಡಿಯಾದ ಸಿಎಸ್‌ಆರ್ ನಿಯಮಗಳ ಪ್ರಕಾರ ಶೇಕಡಾ 5ರ ಮಿತಿ ಅನ್ವಯಿಸುವುದು ಕಂಪನಿಯು ತನ್ನ ಸಿಎಸ್‌ಆರ್ ಕಾರ್ಯದ ಸಾಮಾನ್ಯ ಆಡಳಿತಕ್ಕೆ ಮಾಡುವ ಖರ್ಚಿಗೆ. ಯೋಜನೆಯ ರೂಪಣೆ, ಅನುಷ್ಠಾನ, ಉಸ್ತುವಾರಿ ಮತ್ತು ಮೌಲ್ಯಮಾಪನದ ನೇರ ವೆಚ್ಚ ಅದರಲ್ಲಿ ಸೇರುವುದಿಲ್ಲ. ಯೋಜನೆಗೆ ದುಡಿಯುವ ದೋಣಿ ಚಾಲಕನ ಸಂಬಳವನ್ನು 'ಆಡಳಿತ' ಎಂದು ಕತ್ತರಿಸುವ ಅಗತ್ಯವನ್ನು ಯಾವ ಕಾನೂನೂ ವಿಧಿಸಿಲ್ಲ. ವಿದೇಶಿ ಕೊಡುಗೆಯ ಮೇಲೆ ಮಾತ್ರ 2020ರ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇಕಡಾ 50ರಿಂದ 20ಕ್ಕೆ ಇಳಿಸಿ, ಒಂದು ಸಂಸ್ಥೆ ಮತ್ತೊಂದಕ್ಕೆ ಆ ಹಣ ವರ್ಗಾಯಿಸುವುದನ್ನು ನಿಷೇಧಿಸಿದೆ. ದುರುಪಯೋಗ ತಡೆಯುವುದು ಅದರ ಉದ್ದೇಶವೆಂದು ಸರ್ಕಾರ ಹೇಳಿದೆ. ಪರಿಣಾಮವಂತೂ ಸ್ಪಷ್ಟ: ದೊಡ್ಡ ಸಂಸ್ಥೆಯ ಮೂಲಕ ಹಳ್ಳಿಯ ಸಣ್ಣ ಸಂಸ್ಥೆಗೆ ಹೊರದೇಶದ ಹಣ ಹರಿಯದು. ಆ ಜಾಗವನ್ನು ದೇಶೀಯ ದಾನಿಯೇ ತುಂಬಬೇಕು.

ಮೂರನೆಯದು, ಎಲ್ಲಕ್ಕಿಂತ ಮಿಗಿಲಾದುದು, ಕಾಲ. ಕಂಪನಿಗಳ ಕಾಯ್ದೆಯ 7ನೆಯ ಅನುಸೂಚಿಗೆ 2019ರಲ್ಲಿ ವಿಪತ್ತು ನಿರ್ವಹಣೆ ಸೇರ್ಪಡೆಯಾಯಿತು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ವ್ಯಾಖ್ಯೆಯಲ್ಲಿ ವಿಪತ್ತು ನಿರ್ವಹಣೆ ಎಂದರೆ ತಡೆಗಟ್ಟುವಿಕೆ ಮತ್ತು ಸನ್ನದ್ಧತೆಯೂ ಹೌದು. ಹೀಗಿರುವಾಗ ದೋಣಿ, ತರಬೇತಿ, ಪರಿಹಾರ ಕೇಂದ್ರಗಳ ಶೌಚಾಲಯ, ಎಚ್ಚರಿಕೆ ವ್ಯವಸ್ಥೆ ಇವುಗಳನ್ನು ಮೂರು ವರ್ಷಗಳವರೆಗಿನ 'ಮುಂದುವರಿದ ಯೋಜನೆ'ಯಾಗಿ ಕೈಗೊಳ್ಳಬಹುದೆಂಬ ವಾದಕ್ಕೆ ಸಾಕಷ್ಟು ಬಲವಿದೆ. ವಿಪತ್ತಿನ ವರ್ಷದಲ್ಲಿ ಹೆಚ್ಚು ಖರ್ಚಾದರೆ ಆ ಹೆಚ್ಚುವರಿಯನ್ನು ಮುಂದಿನ ಮೂರು ಹಣಕಾಸು ವರ್ಷಗಳ ಬಾಧ್ಯತೆಗೆ ವಜಾ ಮಾಡಿಕೊಳ್ಳಲು ಕಾನೂನಿನಲ್ಲಿಯೇ ಅವಕಾಶವಿದೆ.

ಒಂದು ತೊಡಕನ್ನು ಮರೆಮಾಚುವಂತಿಲ್ಲ. ಸಿಎಸ್‌ಆರ್ ಹಣವನ್ನು ಆಪದ್ಧನವಾಗಿ ಕೂಡಿಡುವಂತಿಲ್ಲ. ಅನುಷ್ಠಾನ ಸಂಸ್ಥೆಗೆ ವರ್ಗಾಯಿಸಿದ ಮಾತ್ರಕ್ಕೆ ಅದು ಖರ್ಚಾಯಿತೆಂದು ಪರಿಗಣಿತವಾಗುವುದಿಲ್ಲ, ಮೂಲನಿಧಿಗೆ ಕೊಡುಗೆಯೂ ಸಲ್ಲದು. ಆದ್ದರಿಂದ ಸೆರ್ಫ್ ಮಾದರಿಯ ಸಣ್ಣ ನಿಧಿಯೊಂದನ್ನು ಕಟ್ಟಬೇಕಾದರೆ ಅದು ಸಿಎಸ್‌ಆರ್ ವ್ಯಾಪ್ತಿಗೆ ಬಾರದ ಸಣ್ಣ ಮತ್ತು ಮಧ್ಯಮ ಉದ್ಯಮಗಳ, ವರ್ತಕರ, ವೃತ್ತಿಪರರ ಸ್ವಂತ ವಂತಿಗೆಯಿಂದಲೇ ಆಗಬೇಕು. ಇಂತಹವರನ್ನು ಒಂದೆಡೆ ಸೇರಿಸಬಲ್ಲ ವೇದಿಕೆ ವಾಣಿಜ್ಯೋದ್ಯಮ ಸಂಸ್ಥೆಯಲ್ಲದೆ ಬೇರೆ ಯಾವುದು?

ಇದಕ್ಕೆ ಬೇಕಾದ ಮುನ್ಸೂಚನೆ ರಾಜ್ಯದಲ್ಲಿ ಲಭ್ಯ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದವರೆಗೆ ಹರಡಿವೆ. ಕೃಷ್ಣೆಯ ಮೇಲ್ಭಾಗದ ಜಲಾಶಯಗಳಿಂದ ನೀರು ಬಿಟ್ಟ ಸುದ್ದಿ ನೀರಿಗಿಂತ ಮೊದಲು ಬೆಳಗಾವಿ, ಬಾಗಲಕೋಟೆಗಳನ್ನು ತಲುಪುತ್ತದೆ. ಯಾವ ಮಟ್ಟ ದಾಟಿದರೆ ಯಾವ ಹಳ್ಳಿಗಳ ಎಷ್ಟು ಕುಟುಂಬಗಳಿಗೆ ಎಷ್ಟು ಹಣ ಎಂಬುದನ್ನು ಬೇಸಿಗೆಯಲ್ಲಿಯೇ ಜಿಲ್ಲಾಡಳಿತದೊಡನೆ ಕುಳಿತು ಗೊತ್ತುಪಡಿಸಬಹುದು. ಮಲಾವಿಯ ತಪ್ಪು ಮರುಕಳಿಸದಂತೆ ಪಟ್ಟಿಯನ್ನು ಹಳ್ಳಿಯಲ್ಲಿ ಓದಿ ಹೇಳಿ ಪ್ರತಿ ವರ್ಷ ತಿದ್ದಬೇಕು. ಸೊಮಾಲಿಯಾದಂತೆ ಮಧ್ಯವರ್ತಿಗಳು ಪಾಲು ಕೇಳದಂತೆ ಸ್ವತಂತ್ರ ಲೆಕ್ಕಪರಿಶೋಧನೆ ನಡೆಸಿ, ವರದಿಯನ್ನು ಸದಸ್ಯರ ಮುಂದಿಡಬೇಕು. ಮೊದಲ ವರ್ಷ ಒಂದು ತಾಲ್ಲೂಕು ಸಾಕು.

ಮಳೆ ಬಾರದ ವರ್ಷದಲ್ಲಿ ನಿಧಿ ಖರ್ಚಾಗದೆ ಉಳಿಯುತ್ತದೆ. ಆಗ ವಾರ್ಷಿಕ ಸಭೆಯಲ್ಲಿ ಯಾರಾದರೂ ಎದ್ದು, ಹಣ ಸುಮ್ಮನೆ ಕೊಳೆಯುತ್ತಿದೆಯಲ್ಲ ಎಂದು ಕೇಳುವುದು ಖಂಡಿತ. ಗೋದಾಮಿನ ಬೆಂಕಿ ವಿಮೆಗೆ ಪ್ರತಿ ವರ್ಷ ಪ್ರೀಮಿಯಂ ಕಟ್ಟಿ, ಬೆಂಕಿ ಬೀಳದಿದ್ದುದಕ್ಕೆ ದೇವರಿಗೆ ಕೈಮುಗಿಯುವ ವರ್ತಕರಿಗೆ ಇದರ ಉತ್ತರವನ್ನು ಹೇಳಿಕೊಡಬೇಕಾಗಿಲ್ಲ.